257ನೇ ಲಾಟಿನಿಂದ ಮುಂದೆ ದರವೇ ಇಲ್ಲ: ‘ಈಸ್’ ಮತ್ತು ‘ಇನ್’ ಕುರಿತ ಒಂದು ಪ್ರಕರಣ ಅಧ್ಯಯನ

ಹಿನ್ನೆಲೆ

‘ಈಸ್’ (is) ಮತ್ತು ‘ಇನ್’ (in) ಎಂಬವು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಹೋಲಿಸಲು, ಹುಡುಕಲು ಬಳಸುವ ಎರಡು ಪದಗಳು (ಆಪರೇಟರ್). ಹಾವೇರಿ ಜಿಲ್ಲೆಯ ಬ್ಯಾಡಗಿ ಪೇಟೆಯಲ್ಲಿ ಒಣ ಮೆಣಸಿನಕಾಯಿಯ ದಲಾಲಿ ಅಂಗಡಿಯೊಂದರಲ್ಲಿ ನಡೆದದ್ದು ಇದು. ಗುರುತು ಸಿಗಬಾರದೆಂದು ವ್ಯಕ್ತಿಗಳ ವಿವರ, ರೈತರ ಊರು, ಲಾಟ್ ಸಂಖ್ಯೆಗಳನ್ನು ಬದಲಿಸಿದೆ. 256 ಎಂಬ ಒಂದು ಅಂಕಿಯನ್ನು ಮಾತ್ರ ಇದ್ದಂತೆಯೇ ಬಿಟ್ಟಿದೆ. ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ.

ಅಂಗಡಿಯ ಕೆಲಸದ ಕ್ರಮ ಹೀಗೆ. ರೈತರು ತಂದ ಚೀಲಗಳನ್ನು ಕಡ್ಡಿ, ಡಬ್ಬಿ, ಗುಂಟೂರು ಎಂದು ಬೇರೆ ಮಾಡಿ, ಲಾಟ್ ಹಚ್ಚಿ, ಪ್ರತಿ ಲಾಟಿಗೂ ಒಂದು ನಂಬರ್ ಕೊಡುತ್ತಾರೆ. ಖರೀದಿದಾರರು ಕಾಯಿ ಮುರಿದು ನೋಡಿ ಟೆಂಡರ್ ಹಾಕುತ್ತಾರೆ. ಟೆಂಡರ್ ಮುಗಿದ ಮೇಲೆ ಲಾಟ್ ನಂಬರ್, ಖರೀದಿದಾರರ ಕೋಡ್, ಕ್ವಿಂಟಲ್ ದರ ಇರುವ ಫೈಲ್ ಅಂಗಡಿಗೆ ಬರುತ್ತದೆ. ದರ ಒಪ್ಪದ ರೈತ ತನ್ನ ಲಾಟ್ ತಡೆಯಬಹುದು. ಒಪ್ಪಿದವರ ಚೀಲ ತೂಕವಾಗಿ, ಮುಂಗಡ ಪಡೆದಿದ್ದರೆ ಅದನ್ನು ಕಳೆದು, ಪಟ್ಟಿ (ಲೆಕ್ಕದ ಚೀಟಿ) ಬರೆದು ಕೊಡುತ್ತಾರೆ.

ಪಟ್ಟಿ ಬರೆಯುವ ಈ ಕೆಲಸಕ್ಕೆ ಮಾಲೀಕರ ಅಣ್ಣನ ಮಗ ದೀಪಾವಳಿ ರಜೆಯಲ್ಲಿ ಪೈಥಾನ್‌ನಲ್ಲಿ ಒಂದು ಪ್ರೋಗ್ರಾಮ್ ಮಾಡಿಕೊಟ್ಟಿದ್ದ. ಆತ ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ. ಎರಡು ಸಿಎಸ್‌ವಿ ಫೈಲ್‌ಗಳು (ಕಾಲಂಗಳ ನಡುವೆ ಅಲ್ಪವಿರಾಮ ಇರುವ ಸಾದಾ ಪಠ್ಯದ ಫೈಲ್): ಒಂದು ಅಂಗಡಿಯ ಆವಕದ ದಾಖಲೆ, ಇನ್ನೊಂದು ಟೆಂಡರ್ ಫಲಿತಾಂಶ. ಎರಡರಲ್ಲೂ ಲಾಟ್ ನಂಬರನ್ನು ಇಂಟಿಜರ್ (ಪೂರ್ಣಾಂಕ) ಮಾಡಿಕೊಂಡು, ತಾಳೆ ನೋಡಿ ಒಂದಕ್ಕೊಂದು ಕೂಡಿಸಿ, ಸಿಕ್ಕ ದರವನ್ನು ಪಟ್ಟಿಗೆ ಹಾಕುವುದು. ಪೈಥಾನ್ 3.8, ಜೊತೆಗೆ ಅದರಲ್ಲೇ ಬರುವ ಸಿಎಸ್‌ವಿ ಮಾಡ್ಯೂಲ್, ಬೇರೆ ಏನೂ ಇಲ್ಲ. ನವೆಂಬರ್, ಡಿಸೆಂಬರ್‌ನಲ್ಲಿ ಈ ಅಂಗಡಿಗೆ ದಿನಕ್ಕೆ 60ರಿಂದ 140 ಲಾಟ್ ಬರುತ್ತಿದ್ದವು. ಎರಡು ತಿಂಗಳು ಒಂದೂ ತಪ್ಪಿಲ್ಲದೆ ನಡೆಯಿತು. ಕೈಬರಹದ ಪಟ್ಟಿ ಪುಸ್ತಕವನ್ನು ಗುಮಾಸ್ತರು ಗಂಟು ಕಟ್ಟಿ ಮೇಲಿಟ್ಟರು.

ಮೊದಲ ಪೆಟ್ಟು

ಫೆಬ್ರವರಿಯ ಒಂದು ಸೋಮವಾರ 312 ಲಾಟ್ ಬಂದವು. ಪಟ್ಟಿಗಳು ಪ್ರಿಂಟ್ ಆದವು. ಗುಮಾಸ್ತರು ಒಂದೊಂದೇ ತಿರುವುತ್ತ ಬಂದು ಒಂದು ಕಡೆ ನಿಂತರು.

“ಇಲ್ಲಿ ನೋಡೋ ತಮ್ಮಾ, ಎರಡನೂರಾ ಐವತ್ತಾರರ ತನಕ ಬರೋಬ್ಬರಿ ಐತಿ. ಮುಂದ ಒಂದಕ್ಕೂ ದರಾ ಇಲ್ಲ.”

“ಫೈಲ್ ಅರ್ಧಾ ಬಂದಿರಬೇಕು ಕಾಕಾ. ಇನ್ನೊಮ್ಮೆ ಇಳಸ್ತೇನಿ.”

ಫೈಲ್ ಪೂರ್ತಿಯೇ ಇತ್ತು. ತೆರೆದು ನೋಡಿದರೆ 257ರಿಂದ 312ರವರೆಗೆ ಎಲ್ಲ ದರಗಳೂ ಕಣ್ಣೆದುರೇ ಇವೆ. ಆದರೂ 56 ಪಟ್ಟಿಗಳಲ್ಲಿ ದರದ ಜಾಗ ಖಾಲಿ.

ಗುಮಾಸ್ತರು ಹೇಳಿದ ಆ ಒಂದು ಮಾತಿನಲ್ಲಿ ರೋಗದ ಪೂರ್ತಿ ಲಕ್ಷಣ ಇತ್ತು. ಪೈಥಾನ್ ಬಲ್ಲವರು ‘256ಕ್ಕೆ ನಿಂತಿತು’ ಎಂದು ಕೇಳಿದೊಡನೆ ‘ಈಸ್’ ಎಲ್ಲಿದೆ ಎಂದು ಹುಡುಕುತ್ತಾರೆ. ಹುಡುಗನಿಗೆ ಅದು ಗೊತ್ತಿರಲಿಲ್ಲ. 256 ಎಂದ ಕೂಡಲೇ ಅವನಿಗೆ ನೆನಪಾದದ್ದು ಹಳೆಯ ಎಕ್ಸೆಲ್ ಫೈಲ್‌ಗಳಲ್ಲಿ 256 ಕಾಲಂ ಮಾತ್ರ ಇರುತ್ತಿದ್ದವು ಎಂಬುದು. ಫೈಲನ್ನು ಹೊಸ ಮಾದರಿಯಲ್ಲಿ ಉಳಿಸಿ, ಮತ್ತೆ ಸಿಎಸ್‌ವಿ ಮಾಡಿದ. ಫಲ ಇಲ್ಲ. ಫಲಿತಾಂಶವನ್ನು ಎರಡು ಫೈಲ್ ಮಾಡಿ, 201ರಿಂದ 312ರವರೆಗಿನದನ್ನು ಮಾತ್ರ ಓಡಿಸಿದ. ಮತ್ತೆ 201ರಿಂದ 256ಕ್ಕೆ ದರ ಬಂತು, 257ರಿಂದ ಇಲ್ಲ. ಈ ಪ್ರಯೋಗ ಬೆಲೆಯುಳ್ಳದ್ದು. ಸಾಲುಗಳು ಎಷ್ಟಿವೆ ಎಂಬುದಕ್ಕೂ ತಪ್ಪಿಗೂ ಸಂಬಂಧವಿಲ್ಲ, ಲಾಟ್ ನಂಬರಿನ ಬೆಲೆಯಲ್ಲೇ (ಅಂದರೆ ಆ ಅಂಕಿಯಲ್ಲೇ, ದರದಲ್ಲಲ್ಲ) ಏನೋ ಇದೆ ಎಂದು ಇದರಿಂದ ಖಚಿತವಾಯಿತು.

ಕೂಡಿಸುವ ಸಾಲು ಹೀಗಿತ್ತು:

ಇಫ್ ಆವಕ_ಲಾಟ್ ಈಸ್ ಟೆಂಡರ್_ಲಾಟ್:

ಈಗ ಅವನ ಕಣ್ಣು ಇದರ ಮೇಲೆ ಬಿತ್ತು. ಅನುಮಾನ ತೀರಿಸಿಕೊಳ್ಳಲು ಮೂರು ಸಾಲಿನ ಸಣ್ಣ ಫೈಲ್ ಬರೆದ: ಅ = 300, ಬ = 300, ಪ್ರಿಂಟ್ (ಅ ಈಸ್ ಬ). ಉತ್ತರ ‘ಟ್ರೂ’ ಬಂತು. ಆಪರೇಟರ್ ಸರಿಯಾಗಿಯೇ ಇದೆ ಎಂದು ತೀರ್ಮಾನಿಸಿ ಬೇರೆ ಕಡೆ ಹುಡುಕಲು ಹೊರಟ. ಎರಡು ತಾಸು ಹೋಯಿತು. ಪ್ರಕರಣದಲ್ಲಿ ದಾರಿ ತಪ್ಪಿದ ಜಾಗ ಇದು, ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲಬೇಕು.

‘ಈಸ್’ ಕೇಳುವ ಪ್ರಶ್ನೆ ಯಾವುದು?

ಕನ್ನಡದಲ್ಲಿ ‘ಅದೇ’ ಎನ್ನುವುದಕ್ಕೂ ‘ಅಂಥದೇ’ ಎನ್ನುವುದಕ್ಕೂ ಇರುವ ವ್ಯತ್ಯಾಸವೇ ಇಲ್ಲಿಯದು. ಅಂಗಡಿ ಮುಂದೆ 40 ಕಿಲೋ ತೂಗುವ ಎರಡು ಚೀಲಗಳಿವೆ ಎನ್ನಿ. ತೂಕ ಒಂದೇ, ಕಾಯಿ ಒಂದೇ ತಳಿ, ಆದರೂ ಇದು ‘ಅಂಥದೇ’ ಚೀಲ, ‘ಅದೇ’ ಚೀಲವಲ್ಲ. ಎರಡು ಸಮ ಚಿಹ್ನೆ (==) ಕೇಳುವುದು ‘ಅಂಥದೇನಾ?’ ಎಂದು. ‘ಈಸ್’ ಕೇಳುವುದು ‘ಅದೇನಾ?’ ಎಂದು, ಅಂದರೆ ಎರಡೂ ಹೆಸರುಗಳು ಮೆಮೊರಿಯಲ್ಲಿರುವ ಒಂದೇ ಆಬ್ಜೆಕ್ಟ್ (ವಸ್ತು) ಅನ್ನು ತೋರಿಸುತ್ತಿವೆಯೇ ಎಂದು. ಲಾಟ್ ನಂಬರ್ ಕೂಡಿಸುವಾಗ ನಮಗೆ ಬೇಕಾದದ್ದು ಮೊದಲ ಪ್ರಶ್ನೆ.

ಹಾಗಿದ್ದರೆ 256ರವರೆಗೆ ಹೇಗೆ ನಡೆಯಿತು? ನಾವೆಲ್ಲ ಸಾಮಾನ್ಯವಾಗಿ ಬಳಸುವ ಪೈಥಾನ್ ಎಂದರೆ ಸಿಪೈಥಾನ್. ಇಲ್ಲಿದ್ದ 3.8 ಶುರುವಾಗುವಾಗಲೇ -5ರಿಂದ 256ರವರೆಗಿನ ಇಂಟಿಜರ್‌ಗಳನ್ನು ಒಂದೊಂದೇ ಪ್ರತಿ ಮಾಡಿ ಇಟ್ಟುಕೊಳ್ಳುತ್ತದೆ. ಸಣ್ಣ ಸಂಖ್ಯೆಗಳು ಹೆಜ್ಜೆಹೆಜ್ಜೆಗೂ ಬೇಕಾಗುವುದರಿಂದ ಪ್ರತಿ ಸಲ ಹೊಸದು ಮಾಡುವ ಖರ್ಚು ಉಳಿಯಲಿ ಎಂದು. ಆವಕದ ಫೈಲ್‌ನಿಂದ ಓದಿದ 118, ಟೆಂಡರ್ ಫೈಲ್‌ನಿಂದ ಓದಿದ 118 ಎರಡೂ ಆ ಇಟ್ಟ ಪ್ರತಿಗೇ ಬಂದು ಸೇರುತ್ತವೆ. ಆಗ ‘ಅಂಥದೇ’ ಆದದ್ದೆಲ್ಲ ‘ಅದೇ’ ಕೂಡ ಆಗಿರುತ್ತದೆ. 257 ಬಂದಾಗ ಪ್ರತಿ ಫೈಲ್‌ನಿಂದಲೂ ಬೇರೆ ಬೇರೆ ಆಬ್ಜೆಕ್ಟ್ ಹುಟ್ಟುತ್ತದೆ, ‘ಈಸ್’ ಇಲ್ಲ ಎನ್ನುತ್ತದೆ. ಇದು ಭಾಷೆ ಕೊಟ್ಟ ಮಾತಲ್ಲ, ಸಿಪೈಥಾನ್ ಮಾಡಿಕೊಂಡ ಒಳ ಏರ್ಪಾಡು. ಪೈಪೈ ಎಂಬ ಇನ್ನೊಂದು ಪೈಥಾನ್‌ನಲ್ಲಿ ಇಂಟಿಜರ್‌ಗಳಿಗೆ ‘ಈಸ್’ ಕೇಳಿದರೆ ಬೆಲೆಯನ್ನೇ ಹೋಲಿಸುತ್ತದೆ. ಅಲ್ಲಿ ಓಡಿಸಿದ್ದರೆ ಈ ತಪ್ಪು 312ರ ದಿನವೂ ಕಾಣುತ್ತಿರಲಿಲ್ಲ.

ಇನ್ನು ಸಣ್ಣ ಫೈಲ್‌ನಲ್ಲಿ 300ಕ್ಕೆ ‘ಟ್ರೂ’ ಬಂದದ್ದು. ಒಂದು ಫೈಲನ್ನು ಕಂಪೈಲ್ ಮಾಡುವಾಗ (ಓಡಿಸುವ ಮೊದಲು ಯಂತ್ರಕ್ಕೆ ತಕ್ಕ ರೂಪಕ್ಕೆ ಇಳಿಸುವಾಗ), ಅದರಲ್ಲಿ ಎರಡು ಕಡೆ ಬರೆದ 300ನ್ನು ಪೈಥಾನ್ ಒಂದೇ ಕಾನ್‌ಸ್ಟಂಟ್ ಆಗಿ ಇಡುತ್ತದೆ. ಹಾಗಾಗಿ ಎರಡೂ ಹೆಸರು ಒಂದೇ ಆಬ್ಜೆಕ್ಟ್‌ಗೆ ಅಂಟುತ್ತವೆ. ಅದೇ ಮೂರು ಸಾಲನ್ನು ಪ್ರಾಂಪ್ಟ್‌ನಲ್ಲಿ ಒಂದೊಂದಾಗಿ ಟೈಪ್ ಮಾಡಿದರೆ ಪ್ರತಿ ಸಾಲೂ ಬೇರೆಯಾಗಿ ಕಂಪೈಲ್ ಆಗಿ ‘ಫಾಲ್ಸ್’ ಬರುತ್ತದೆ. ಸ್ಟ್ರಿಂಗ್‌ಗಳ (ಅಕ್ಷರಗಳ ಸಾಲಾಗಿ ಇಟ್ಟ ಪಠ್ಯ) ಪಾಡೂ ಇದೇ: ಪ್ರೋಗ್ರಾಮಿನೊಳಗೆ ಬರೆದ ಖರೀದಿದಾರರ ಕೋಡ್ ‘ಈಸ್’ ಪರೀಕ್ಷೆ ಪಾಸಾಗುತ್ತದೆ, ಫೈಲ್‌ನಿಂದ ಓದಿದ ಅದೇ ಕೋಡ್ ಆಗುವುದಿಲ್ಲ. ಪರೀಕ್ಷೆ ಮಾಡುವಾಗ ಬೆಲೆಯನ್ನು ಕೈಯಿಂದ ಬರೆಯದೆ, ನಿಜವಾಗಿ ಬರುವ ದಾರಿಯಿಂದಲೇ ತರಬೇಕು. ಇಲ್ಲಿ ಇಂಟ್('300') ಎಂದು ಎರಡು ಸಲ ಬರೆದಿದ್ದರೆ ಸಾಕಿತ್ತು, ಎರಡು ತಾಸು ಉಳಿಯುತ್ತಿತ್ತು.

ಎಚ್ಚರಿಕೆ ಏಕೆ ಬರಲಿಲ್ಲ ಎಂಬ ಪ್ರಶ್ನೆಯೂ ನ್ಯಾಯವಾದದ್ದೇ. 2019ರ ಅಕ್ಟೋಬರ್‌ನಲ್ಲಿ ಬಂದ ಪೈಥಾನ್ 3.8ರಿಂದ, ‘ಈಸ್’ ಪಕ್ಕದಲ್ಲಿ ನೇರವಾಗಿ 300 ಎಂದೋ 'ಡಬ್ಬಿ' ಎಂದೋ ಬರೆದರೆ ಸಿಂಟ್ಯಾಕ್ಸ್ ವಾರ್ನಿಂಗ್ ಬರುತ್ತದೆ. ಇಲ್ಲಿ ಎರಡೂ ಕಡೆ ವೇರಿಯಬಲ್ ಇದ್ದವು. ಒಳಗೆ ಏನಿರುತ್ತದೆ ಎಂದು ಕಂಪೈಲರ್‌ಗೆ ತಿಳಿಯುವಂತಿಲ್ಲ.

ಕೊನೆಗೆ ದಾರಿ ತೋರಿಸಿದ್ದು ‘ಐಡಿ’ ಫಂಕ್ಷನ್, ಆಬ್ಜೆಕ್ಟ್‌ನ ಗುರುತಿನ ಸಂಖ್ಯೆ ಹೇಳುವಂಥದ್ದು. ಕೂಡಿಸುವ ಲೂಪಿನೊಳಗೆ 256 ಮತ್ತು 257 ಬಂದಾಗ ಎರಡೂ ಕಡೆಯ ಐಡಿ ಪ್ರಿಂಟ್ ಮಾಡಿದ. 256ಕ್ಕೆ ಎರಡೂ ಒಂದೇ ಸಂಖ್ಯೆ, 257ಕ್ಕೆ ಬೇರೆ ಬೇರೆ. ಸಾಲನ್ನು == ಎಂದು ತಿದ್ದಿದ. 56 ಪಟ್ಟಿಗಳಿಗೂ ದರ ಬಂತು. ಅಷ್ಟರಲ್ಲಿ ಗುಮಾಸ್ತರು 40 ಪಟ್ಟಿಗಳನ್ನು ಕೈಯಲ್ಲೇ ಬರೆದು ರೈತರನ್ನು ಕಳಿಸಿಯಾಗಿತ್ತು.

ಆಮೇಲೆ ಹುಡುಗ ಪ್ರೋಗ್ರಾಮಿನಲ್ಲಿದ್ದ ‘ಈಸ್’ಗಳನ್ನೆಲ್ಲ ತೆಗೆಯಲು ಹೊರಟ. ಅದು ಅತಿಯಾಯಿತು. ‘ದರ ಈಸ್ ನನ್’ (ನನ್ ಅಂದರೆ None, ‘ಏನೂ ಇಲ್ಲ’ ಎಂಬ ಗುರುತು) ಎಂಬಲ್ಲಿ ‘ಈಸ್’ ಇರಬೇಕಾದದ್ದೇ ಸರಿ. ನನ್ ಎಂಬ ಆಬ್ಜೆಕ್ಟ್ ಇಡೀ ಪ್ರೋಗ್ರಾಮಿಗೆ ಒಂದೇ, ಅಲ್ಲಿ ನಾವು ಕೇಳುವುದೂ ‘ಅದೇನಾ?’ ಎಂದೇ. ಆದರೆ ಒಂದು ಎಚ್ಚರ ಬೇಕು. ಸಿಎಸ್‌ವಿ ಮಾಡ್ಯೂಲಿನಲ್ಲಿ ಸಾಲುಗಳನ್ನು ಓದಿಕೊಡುವ ಡಿಕ್ಟ್‌ರೀಡರ್, ಸಾಲಿನ ಕೊನೆಯ ಕಾಲಂಗಳು ಇಲ್ಲವೇ ಇಲ್ಲದಿದ್ದರೆ ಮಾತ್ರ ನನ್ ಕೊಡುತ್ತದೆ. ಅಲ್ಪವಿರಾಮ ಇದ್ದು ನಡುವೆ ಖಾಲಿ ಇದ್ದರೆ ಖಾಲಿ ಸ್ಟ್ರಿಂಗ್ ಕೊಡುತ್ತದೆ. ಎರಡನ್ನೂ ಬೇರೆಯಾಗಿ ಹಿಡಿಯಬೇಕು.

ಎರಡನೇ ಪೆಟ್ಟು: ತಡೆದ ಲಾಟ್‌ಗಳು

ಗುರುವಾರ ಇನ್ನೊಂದು. ರೈತರು ದರ ಒಪ್ಪದೆ ತಡೆದ ಲಾಟ್‌ಗಳನ್ನು ಗುಮಾಸ್ತರು ಒಂದೇ ಕೋಶದಲ್ಲಿ ಅಲ್ಪವಿರಾಮ ಹಾಕಿ ಬರೆಯುತ್ತಿದ್ದರು. ಅಂದು ಬರೆದದ್ದು ಇಷ್ಟು: 45,118,270. ಮೂರು ಲಾಟ್. ಪ್ರೋಗ್ರಾಮ್ 13 ಲಾಟ್‌ಗಳ ಪಟ್ಟಿ ತಡೆಯಿತು. ಗೊತ್ತಾದದ್ದು ಸಂಜೆ ರೊಕ್ಕಕ್ಕೆ ಬಂದು ನಿಂತ ರೈತರೊಬ್ಬರಿಂದ.

“ನಾ ದರಕ್ಕ ಒಪ್ಪೇನ್ರೀ. ನನ್ನ ಹನ್ನೊಂದನೇ ಲಾಟ್ ಯಾಕ ತಡದೀರಿ?”

ಸೋಮವಾರ ರಾತ್ರಿ ಸೇರಿಸಿದ ಹೊಸ ಸಾಲಿನಲ್ಲಿ ಕಾರಣ ಇತ್ತು. ‘ಲಾಟ್ ಇನ್ ತಡೆದವು’ ಎಂದು ಹುಡುಗ ಬರೆದಿದ್ದ. ‘ತಡೆದವು’ ಎಂಬುದು ಲಿಸ್ಟ್ ಅಲ್ಲ, ಕೋಶದಿಂದ ಬಂದ ಸ್ಟ್ರಿಂಗ್. ಮೊದಲ ಸಲ ಓಡಿಸಿದಾಗ ಪೈಥಾನ್ ಟೈಪ್ ಎರರ್ ಕೊಟ್ಟು ನಿಂತಿತ್ತು: ಸ್ಟ್ರಿಂಗ್‌ನಲ್ಲಿ ‘ಇನ್’ ಕೇಳುವುದಾದರೆ ಎಡಗಡೆಯೂ ಸ್ಟ್ರಿಂಗೇ ಇರಬೇಕು, ಇಂಟಿಜರ್ ಅಲ್ಲ ಎಂದು. ಆ ಎರರ್ ಹೋಗಲಾಡಿಸಲು ಅವನು ಲಾಟ್ ನಂಬರನ್ನು ಸ್ಟ್ರಿಂಗ್ ಮಾಡಿದ. ಎರರ್ ಹೋಯಿತು, ಪ್ರಶ್ನೆ ಬದಲಾಯಿತು. ಭಾಷೆ ಸರಿಯಾದ ಜಾಗದಲ್ಲೇ ಕೈ ಹಿಡಿದು ನಿಲ್ಲಿಸಿತ್ತು. ಕೈ ಬಿಡಿಸಿಕೊಂಡು ಮುಂದೆ ಹೋದದ್ದೇ ಈ ಪ್ರಕರಣದ ಎರಡನೇ ತಿರುವು.

‘ಇನ್’ ಒಂದೇ ಪದವಾದರೂ, ಬಲಗಡೆ ಏನಿದೆ ಎಂಬುದರ ಮೇಲೆ ಅದರ ಅರ್ಥ ಬದಲಾಗುತ್ತದೆ. ಲಿಸ್ಟ್, ಟ್ಯೂಪಲ್, ಸೆಟ್ (ಮೂರೂ ಬೆಲೆಗಳ ಗುಂಪುಗಳು) ಇದ್ದರೆ ‘ಇದು ಇವುಗಳಲ್ಲಿ ಒಂದಾ?’ ಎಂದು. ಡಿಕ್ಷನರಿ (ಕೀ ಕೊಟ್ಟರೆ ಅದರ ಬೆಲೆ ಕೊಡುವ ಕೋಷ್ಟಕ) ಇದ್ದರೆ ‘ಕೀಗಳಲ್ಲಿ ಇದೆಯಾ?’ ಎಂದು, ಬೆಲೆಗಳನ್ನು ಅದು ನೋಡುವುದೇ ಇಲ್ಲ. ಸ್ಟ್ರಿಂಗ್ ಇದ್ದರೆ ‘ಇದರ ತುಂಡಾಗಿ ಎಲ್ಲಾದರೂ ಬರುತ್ತದಾ?’ ಎಂದು. 45ರ ತುಂಡು 4, 5. 118ರಲ್ಲಿ 1, 8, 11, 18. 270ರಲ್ಲಿ 2, 7, 27, 70. ಈ ಹತ್ತೂ ನಂಬರಿನ ರೈತರು ತಡೆದವರ ಸಾಲಿಗೆ ಸೇರಿದರು. ಇಷ್ಟೇ ಅಲ್ಲ, ಖಾಲಿ ಸ್ಟ್ರಿಂಗ್ ಯಾವ ಸ್ಟ್ರಿಂಗ್‌ನಲ್ಲಿ ಹುಡುಕಿದರೂ ‘ಇದೆ’ ಎಂದೇ ಉತ್ತರ.

ಕನ್ನಡ ಪಠ್ಯದಲ್ಲಿ ಈ ತುಂಡಿನ ಲೆಕ್ಕ ಇನ್ನೂ ಹತ್ತಿರದಿಂದ ನೋಡುವಂಥದ್ದು. 'ಡಬ್ಬ' ಎಂಬುದು 'ಡಬ್ಬಿ'ಯೊಳಗೆ ಇದೆ ಎನ್ನುತ್ತದೆ ಪೈಥಾನ್. ನಮಗೆ ‘ಬ್ಬಿ’ ಒಂದೇ ಅಕ್ಷರ. ಅದಕ್ಕೆ ಬ, ವಿರಾಮ, ಬ, ಇಕಾರದ ಗುಣಿತ ಎಂದು ನಾಲ್ಕು ಕೋಡ್ ಪಾಯಿಂಟ್ (ಕಂಪ್ಯೂಟರ್ ಲೆಕ್ಕದ ಬಿಡಿ ಸಂಕೇತ). ಗುಣಿತ ಬಿಟ್ಟರೆ ಉಳಿದದ್ದು ತುಂಡಾಗಿ ಸಿಗುತ್ತದೆ. ತಳಿಯ ಹೆಸರು, ಊರಿನ ಹೆಸರು ಹುಡುಕುವಾಗ ಇದು ಅಡ್ಡ ಬಂದೇ ಬರುತ್ತದೆ. ಇನ್ನೊಂದು ಗೊತ್ತಿರಲಿ: ('ಡಬ್ಬಿ') ಎಂದು ಕಂಸ ಹಾಕಿದ ಮಾತ್ರಕ್ಕೆ ಅದು ಟ್ಯೂಪಲ್ ಆಗುವುದಿಲ್ಲ, ಒಳಗೆ ಅಲ್ಪವಿರಾಮ ಬೇಕು. ಇಲ್ಲವಾದರೆ ಮತ್ತೆ ಸ್ಟ್ರಿಂಗ್, ಮತ್ತೆ ತುಂಡು.

ತಿದ್ದಿದ ಸಾಲು ಹೀಗಾಯಿತು:

ತಡೆದವು = {ಇಂಟ್(ತುಂಡು) ಫಾರ್ ತುಂಡು ಇನ್ ಕೋಶ.ಸ್ಪ್ಲಿಟ್(',') ಇಫ್ ತುಂಡು.ಸ್ಟ್ರಿಪ್()}

ಇದರೊಳಗಿನ ‘ಇನ್’ ಸದಸ್ಯತ್ವ ಕೇಳುವುದಲ್ಲ, ‘ಫಾರ್’ ಜೊತೆ ಸೇರಿ ಒಂದೊಂದಾಗಿ ತೆಗೆಯುವುದು. ಕೊನೆಯ ‘ಇಫ್’ ಏಕೆಂದರೆ ಗುಮಾಸ್ತರು ಒಮ್ಮೊಮ್ಮೆ ಕೊನೆಗೂ ಅಲ್ಪವಿರಾಮ ಹಾಕುತ್ತಾರೆ. ಆಗ ಖಾಲಿ ತುಂಡು ಬಂದು ಇಂಟ್ ಎರರ್ ಕೊಡುತ್ತದೆ. ನಂಬರ್ ಸುತ್ತ ಖಾಲಿ ಜಾಗ ಇದ್ದರೆ ಇಂಟ್ ತಾನೇ ನೋಡಿಕೊಳ್ಳುತ್ತದೆ. ಬಹಳ ಜನಕ್ಕೆ ತಿಳಿಯದ ಒಂದು ಅನುಕೂಲವೂ ಇದರಲ್ಲಿದೆ: ಇಂಟ್ ಕನ್ನಡ ಅಂಕಿಯನ್ನೂ ಓದುತ್ತದೆ. '೪೫' ಎಂದು ಬರೆದಿದ್ದರೂ 45 ಆಗುತ್ತದೆ. ಸ್ಟ್ರಿಂಗ್ ಆಗಿಯೇ ಬಿಟ್ಟರೆ '೪೫' ಮತ್ತು '45' ಎಂದೂ ಕೂಡುವುದಿಲ್ಲ.

ಸೆಟ್ ಮಾಡಿದ ಮೇಲೆ ಬೇರೆ ರೀತಿಯ ಅಪಾಯವಿದೆ. ಸೆಟ್‌ನಲ್ಲಿ 45 ಎಂಬ ಇಂಟಿಜರ್ ಇದ್ದು '45' ಎಂಬ ಸ್ಟ್ರಿಂಗ್ ಕೇಳಿದರೆ ಎರರ್ ಬರುವುದಿಲ್ಲ, ಸುಮ್ಮನೆ ‘ಇಲ್ಲ’ ಎನ್ನುತ್ತದೆ. ಆದ್ದರಿಂದ ಬೆಲೆ ಫೈಲ್‌ನಿಂದ ಒಳಬರುವ ಬಾಗಿಲಲ್ಲೇ ಅದರ ಜಾತಿ ನಿಗದಿ ಮಾಡಬೇಕು. ಆಮೇಲೆ ಎಲ್ಲೂ ಇಂಟ್, ಸ್ಟ್ರಿಂಗ್ ಎಂದು ಅದಲುಬದಲು ಮಾಡಬಾರದು.

ತಿದ್ದುವ ಅವಸರದಲ್ಲಿ ಇನ್ನೊಂದು ತಪ್ಪು ಬಂದು ಹೋಯಿತು: ‘ಇಫ್ ಲಾಟ್ ಇನ್ ತಡೆದವು == ಫಾಲ್ಸ್’. ಪೈಥಾನ್ ಇದನ್ನು ಸರಪಳಿ ಹೋಲಿಕೆಯಾಗಿ ಓದುತ್ತದೆ: ಲಾಟ್ ತಡೆದವುಗಳಲ್ಲಿದೆ, ಜೊತೆಗೆ ತಡೆದವು ಎಂಬ ಸೆಟ್ ಫಾಲ್ಸ್‌ಗೆ ಸಮ. ಸೆಟ್ ಎಂದೂ ಫಾಲ್ಸ್‌ಗೆ ಸಮ ಆಗದು, ಒಂದು ಪಟ್ಟಿಯೂ ಬರಲಿಲ್ಲ. ‘ಲಾಟ್ ನಾಟ್ ಇನ್ ತಡೆದವು’ ಎಂದ ಮೇಲೆ ಸರಿಹೋಯಿತು. ಪೂರ್ತಿ ಕೆಟ್ಟು ನಿಂತದ್ದರಿಂದ ಇದು ಐದು ನಿಮಿಷದಲ್ಲಿ ಸಿಕ್ಕಿತು.

ವೇಗದ ಮಾತೂ ಬಂತು. ಸೆಟ್‌ನಲ್ಲಿ ಹುಡುಕುವುದು ಹ್ಯಾಶ್ ಲೆಕ್ಕದಿಂದ (ಬೆಲೆಯಿಂದಲೇ ಜಾಗ ಲೆಕ್ಕ ಹಾಕಿ ನೇರವಾಗಿ), ಲಿಸ್ಟ್‌ನಲ್ಲಿ ಮೊದಲಿನಿಂದ ಒಂದೊಂದಾಗಿ. ಮುನ್ನೂರು ಲಾಟಿಗೆ ಯಾವುದಾದರೂ ನಡೆಯುತ್ತದೆ. ವರ್ಷದ ದಾಖಲೆ ಪೂರ್ತಿ ತಾಳೆ ನೋಡುವಾಗ ಸೆಟ್ ಬೇಕೇ ಬೇಕು.

ಮೂರನೇದು: ಕಣ್ಣಿಗೆ ಒಂದೇ, ಪೈಥಾನ್‌ಗೆ ಎರಡು

ಎರಡು ವಾರದ ನಂತರ ಲೆಕ್ಕ ತಾಳೆ ನೋಡಿದಾಗ 9 ರೈತರ ಪಟ್ಟಿಯಲ್ಲಿ ಮುಂಗಡ ಕಳೆದಿರಲಿಲ್ಲ. ಮುಂಗಡದ ದಾಖಲೆ ಊರು ಮತ್ತು ಹೆಸರು ಕೂಡಿಸಿದ ಕೀ ಇರುವ ಡಿಕ್ಷನರಿಯಲ್ಲಿತ್ತು. ಕೀ ಅದರಲ್ಲಿ ಇದೆಯೇ ಎಂದು ‘ಇನ್’ ಕೇಳುತ್ತಿತ್ತು, ಈ ಒಂಬತ್ತಕ್ಕೆ ‘ಇಲ್ಲ’ ಬರುತ್ತಿತ್ತು. ಪರದೆಯ ಮೇಲೆ ಎರಡೂ ಅಕ್ಷರಕ್ಕಕ್ಷರ ಒಂದೇ.

ಈ ಸಲ ಹುಡುಗ ಊಹೆಗೆ ಹೋಗದೆ ಮೊದಲೇ ಉದ್ದ ಅಳೆದ. ‘ಮೋಟೆಬೆನ್ನೂರು’ ಎಂಬ ಪದವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಿ. ಆವಕದ ಫೈಲ್‌ನಲ್ಲಿ ಅದರ ಉದ್ದ 12, ಮುಂಗಡದ ಫೈಲ್‌ನಲ್ಲಿ 14. ವ್ಯತ್ಯಾಸ ‘ಮೋ’ದಲ್ಲಿತ್ತು. ಓಕಾರದ ಗುಣಿತಕ್ಕೆ ಯುನಿಕೋಡ್‌ನಲ್ಲಿ ಒಂದೇ ಕೋಡ್ ಪಾಯಿಂಟ್ ಇದೆ. ಅದನ್ನೇ ಎಕಾರ, ಊಕಾರ, ದೀರ್ಘದ ಗುರುತು ಎಂದು ಮೂರು ತುಂಡಾಗಿಯೂ ಬರೆಯಬಹುದು, ತೆರೆಯ ಮೇಲೆ ಮೂಡುವ ರೂಪ ಅದೇ. ಮುಂಗಡದ ದಾಖಲೆ ಹಿಂದೆ ಯುನಿಕೋಡ್ ಅಲ್ಲದ ಫಾಂಟ್‌ನಲ್ಲಿತ್ತು. ಅದನ್ನು ಪರಿವರ್ತಿಸುವಾಗ ಗುಣಿತಗಳು ತುಂಡುತುಂಡಾಗಿ ಬಂದಿದ್ದವು. ಈಕಾರ, ಏಕಾರ, ಐಕಾರ, ಒಕಾರಗಳಿಗೂ ಇದೇ ಸಾಧ್ಯತೆ ಇದೆ.

ಪರಿಹಾರ ಎರಡು ಹೆಜ್ಜೆ. ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ ಎಂದು ಕೊಟ್ಟರೆ ತುಂಡುಗಳು ಕೂಡಿ 14 ಇದ್ದದ್ದು 12 ಆಗುತ್ತದೆ. ಆದರೆ ಕಣ್ಣಿಗೆ ಕಾಣದ ಜೋಡಕ ಮತ್ತು ಬಿಡಿಸುವ ಗುರುತುಗಳನ್ನು ಅದು ಮುಟ್ಟುವುದಿಲ್ಲ. ‘ಸೂರ್ಯ’ವನ್ನು ಅರ್ಕಾವತ್ತಿನಿಂದ ಬರೆದರೆ ಒಂದು ರೂಪ, ರಕಾರಕ್ಕೆ ಯಕಾರದ ಒತ್ತು ಬರೆದರೆ ಇನ್ನೊಂದು. ಎರಡನೆಯದರಲ್ಲಿ ಆ ಕಾಣದ ಗುರುತು ಇರುತ್ತದೆ. ಹುಡುಕುವ ಕೀಯಿಂದ ಅವನ್ನು ತೆಗೆಯಬೇಕು. ಪಟ್ಟಿಯಲ್ಲಿ ಪ್ರಿಂಟ್ ಆಗುವ ಹೆಸರಿನಿಂದ ತೆಗೆಯಬಾರದು, ರೈತ ತನ್ನ ಹೆಸರನ್ನು ಬರೆಯುವ ರೀತಿ ಅವನದು.

ಏನು ಉಳಿಯಿತು, ಏನು ಬದಲಾಯಿತು

ಇಲ್ಲಿಂದ ಮುಂದೆ ಅಂಗಡಿಯವರು ಮಾಡಿದ ನಿರ್ಧಾರ ಆಪರೇಟರ್‌ಗಿಂತ ದೊಡ್ಡದು, ಸರಿಯಾದದ್ದು ಕೂಡ. ಹೆಸರನ್ನು ಕೀ ಮಾಡುವುದನ್ನೇ ಕೈಬಿಟ್ಟರು. ಪ್ರತಿ ರೈತನಿಗೆ ಖಾತೆ ನಂಬರ್ ಕೊಟ್ಟು, ಅದನ್ನು ಬಾಗಿಲಲ್ಲೇ ಇಂಟಿಜರ್ ಮಾಡಿ, ಡಿಕ್ಷನರಿಯ ಕೀ ಅದೇ ಆಯಿತು. ಕೂಡಿಸುವ ಎರಡು ಲೂಪ್‌ಗಳೂ ಹೋದವು. ಟೆಂಡರ್ ಫಲಿತಾಂಶವನ್ನು ಲಾಟ್ ನಂಬರ್ ಕೀ ಇರುವ ಡಿಕ್ಷನರಿ ಮಾಡಿಕೊಂಡು ನೇರವಾಗಿ ದರ ತೆಗೆಯುತ್ತಾರೆ. ಡಿಕ್ಷನರಿ, ಸೆಟ್, ಲಿಸ್ಟ್ ಎಲ್ಲವೂ ಒಳಗೆ ಮೊದಲು ‘ಅದೇನಾ?’ ಎಂದು ನೋಡಿ, ಅಲ್ಲವಾದರೆ ‘ಅಂಥದೇನಾ?’ ಎಂದು ನೋಡುವುದರಿಂದ 257 ಅಲ್ಲಿ ತಪ್ಪುವುದಿಲ್ಲ.

ಪರೀಕ್ಷೆಗೆ ಒಂದು ಸಣ್ಣ ಫೈಲ್ ಖಾಯಂ ಆಗಿ ಇಟ್ಟಿದ್ದಾರೆ. ಅದರಲ್ಲಿ 1, 11, 256, 257, 1000 ಎಂಬ ಲಾಟ್‌ಗಳು, ಕೊನೆಗೆ ಅಲ್ಪವಿರಾಮ ಇರುವ ತಡೆದ ಸಾಲು, ಪೂರ್ತಿ ಖಾಲಿ ಇರುವ ತಡೆದ ಸಾಲು, ಕನ್ನಡ ಅಂಕಿಯ ಒಂದು ಲಾಟ್, ದರ ಇಲ್ಲದ ಎರಡು ಬಗೆಯ ಸಾಲು ಇವೆ. ಟೆಂಡರ್ ಫೈಲ್ ಬಂದಾಗಲೆಲ್ಲ ಮೊದಲು ಇದನ್ನು ಓಡಿಸಿ ನೋಡುತ್ತಾರೆ. ಜೊತೆಗೆ, ದರ ಸಿಗದ ಲಾಟ್ ಇದ್ದರೆ ಖಾಲಿ ಬಿಟ್ಟು ಪ್ರಿಂಟ್ ಮಾಡುವುದಿಲ್ಲ. ಆ ನಂಬರ್‌ಗಳನ್ನು ತೋರಿಸಿ ನಿಲ್ಲುತ್ತದೆ. ಸೋಮವಾರವೇ ಹೀಗೆ ಇದ್ದಿದ್ದರೆ 56 ಕಾಗದ ವ್ಯರ್ಥವಾಗುತ್ತಿರಲಿಲ್ಲ.

9 ರೈತರಲ್ಲಿ 7 ಜನ ಮುಂದಿನ ಆವಕದಲ್ಲಿ ಮುಂಗಡ ಕಳೆಸಿಕೊಂಡರು. ಉಳಿದಿಬ್ಬರ ಕಾಯಿ ಆ ಹಂಗಾಮಿನಲ್ಲಿ ಮತ್ತೆ ಬರಲಿಲ್ಲ, ಅವರ ಖಾತೆ ತೆರೆದೇ ಇದೆ. ಹಳೆಯ ದಾಖಲೆಯಲ್ಲಿ ಒಂದೇ ಹೆಸರು, ಒಂದೇ ಊರು ಇದ್ದು ಬೇರೆ ಬೇರೆ ರೈತರಾಗಿರುವವರೂ ಇದ್ದಾರೆ. ಅಲ್ಲಿ ‘ಅದೇ’ ಯಾರು, ‘ಅಂಥದೇ’ ಹೆಸರಿನವರು ಯಾರು ಎಂದು ಪ್ರೋಗ್ರಾಮ್ ಹೇಳಲಾರದು. ಗುಮಾಸ್ತರು ಖಾತೆ ಪುಸ್ತಕ ಮುಂದಿಟ್ಟುಕೊಂಡು, ತಂದೆಯ ಹೆಸರು ಕೇಳಿ, ಒಂದೊಂದನ್ನೇ ಬಿಡಿಸುತ್ತಿದ್ದಾರೆ.